ಕಾಗದ ಕೇಳದ ಮನೆಗೆ ಹೋಗಬೇಡಿ

ಹಾಸನದಿಂದ ಬಂದು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ದುಡಿಯುತ್ತಿರುವ 26 ವರ್ಷದ ಓದುಗರೊಬ್ಬರ ಪತ್ರ ಈ ವಾರ ನನ್ನ ನಿದ್ದೆಗೆಡಿಸಿದೆ. ಜನವರಿಯಲ್ಲಿ ಮೂರು ವಾರ ರಜೆ ಹಾಕಿ, ದಕ್ಷಿಣ ಅಮೆರಿಕದ ಪೆರು ದೇಶದ ಕುಸ್ಕೊ ನಗರಕ್ಕೆ ಹೋಗಿ, ಅಲ್ಲಿನ ಮಕ್ಕಳ ಆಶ್ರಮವೊಂದರಲ್ಲಿ ಸ್ವಯಂಸೇವಕಿಯಾಗಿ ಇರಬೇಕೆಂಬುದು ಅವರ ಆಸೆ. ವಿಮಾನದ ಟಿಕೆಟ್ ಆಗಿದೆ; ವ್ಯವಸ್ಥೆ ಮಾಡುವ ಸಂಸ್ಥೆಗೆ 70,000 ರೂಪಾಯಿ ಮುಂಗಡವೂ ಸಂದಿದೆ. ತಾಯಿ ಮಾತ್ರ ಒಪ್ಪದೆ, ಮಗಳು ಫೋನ್ ಮಾಡಿದಾಗಲೆಲ್ಲ ಅದನ್ನು ತಂದೆಯ ಕೈಗೆ ದಾಟಿಸುತ್ತಿದ್ದಾರೆ. ಅಮ್ಮನನ್ನು ನೋಯಿಸಿ ಹೋಗಲೇ, ಕೊಟ್ಟ ಮಾತು ತಪ್ಪಿ ಉಳಿಯಲೇ ಎಂಬುದು ಅವರ ಪ್ರಶ್ನೆ.

ನೋಡಿ ತಂಗಿ, ನಿಮ್ಮ ಪತ್ರದ ಗಂಟು ಇರುವುದು ಅಮ್ಮನಲ್ಲಿ ಅಲ್ಲ. ಎರಡನೆಯ ಪುಟದ ಕೊನೆಯಲ್ಲಿ, ನೆಮ್ಮದಿಯಿಂದಲೇ ಎಂಬಂತೆ, ಒಂದು ಸಾಲು ಬರೆದಿದ್ದೀರಿ: “ಪಾಸ್‌ಪೋರ್ಟ್ ಪ್ರತಿ ಬಿಟ್ಟರೆ ಸಂಸ್ಥೆಯವರು ಬೇರೇನನ್ನೂ ಕೇಳಲಿಲ್ಲ, ಸ್ಪ್ಯಾನಿಷ್ ಬರಬೇಕೆಂದೂ ಇಲ್ಲವಂತೆ, ಎಲ್ಲವೂ ಸುಲಭವಾಯಿತು.” ಬೆಂಗಳೂರಿನ ಪಿ.ಜಿ.ಯಲ್ಲಿ ಒಂದು ಮಂಚ ಸಿಗಬೇಕಾದರೆ ಆಧಾರ್, ಕಂಪನಿಯ ಗುರುತಿನ ಚೀಟಿ, ತಂದೆಯ ಫೋನ್ ನಂಬರ್ ಎಲ್ಲವನ್ನೂ ಕೊಟ್ಟಿರುತ್ತೀರಿ. ಪುಟ್ಟ ಮಕ್ಕಳು ಮಲಗುವ ಮನೆಯೊಳಕ್ಕೆ, ಪೊಲೀಸರ ಪ್ರಮಾಣಪತ್ರವನ್ನಾಗಲಿ ಪರಿಚಿತರ ಒಂದು ಪತ್ರವನ್ನಾಗಲಿ ಕೇಳದೆ ನಿಮ್ಮನ್ನು ಬಿಟ್ಟುಕೊಳ್ಳುವವರು, ದುಡ್ಡು ಕಟ್ಟಿದ ಇನ್ನಾರನ್ನೇ ಆದರೂ ಹಾಗೆಯೇ ಬಿಟ್ಟುಕೊಂಡಿರುತ್ತಾರೆ. ನೀವು ಒಳ್ಳೆಯವರೆಂದು ನನಗೆ ಪತ್ರದಿಂದ ತಿಳಿಯಿತು. ಅವರು ತಿಳಿದುಕೊಳ್ಳುವ ಗೋಜಿಗೇ ಹೋಗಲಿಲ್ಲ.

ನೀವು ಲಗತ್ತಿಸಿದ ದಿನಚರಿಯನ್ನೂ ಓದಿದೆ. ಬೆಳಿಗ್ಗೆ ಹತ್ತಿರದ ಶಾಲೆಯಲ್ಲಿ ಇಂಗ್ಲಿಷ್ ಪಾಠ ಎಂದಿದೆ. ಪೆರುವಿನಲ್ಲಿ ಶಾಲೆಗಳು ತೆರೆಯುವುದು ಮಾರ್ಚ್‌ನಲ್ಲಿ. ಜನವರಿ ಅಲ್ಲಿ ದೊಡ್ಡ ರಜೆಯ ಕಾಲ, ಜೊತೆಗೆ ಕುಸ್ಕೊದ ಮಳೆಗಾಲ. ಕುಸ್ಕೊ ಇರುವುದು ಸುಮಾರು 3,400 ಮೀಟರ್ ಎತ್ತರದಲ್ಲಿ, ನಮ್ಮ ಮುಳ್ಳಯ್ಯನಗಿರಿಗಿಂತ ಹೆಚ್ಚುಕಡಿಮೆ ಒಂದೂವರೆ ಸಾವಿರ ಮೀಟರ್ ಮೇಲೆ; ಅಲ್ಲಿನವರು ಸೊರೋಚೆ ಎನ್ನುವ ಎತ್ತರದ ತಲೆನೋವು, ಓಕರಿಕೆಗೆ ಎರಡು ದಿನ, ಮಾಚು ಪಿಚು ಸೇರಿದಂತೆ ವಾರಾಂತ್ಯದ ಪ್ರವಾಸಗಳಿಗೆ ಆರು ದಿನ ಕಳೆದರೆ ನಿಮ್ಮ ಸೇವೆಗೆ ಉಳಿಯುವುದು 13 ದಿನ. ಇಷ್ಟರಲ್ಲಿ, ಮನೆಯಲ್ಲಿ ಕೆಚುವಾ ಮಾತನಾಡಿ ಬೆಳೆದಿರಬಹುದಾದ ಮಗುವೊಂದು ರಾತ್ರಿ ಎದ್ದು ಅತ್ತರೆ, ನೀರು ಬೇಕೋ ಅಮ್ಮ ಬೇಕೋ ಎಂದು ಕೇಳಲು ನಿಮ್ಮ ಬಳಿ ಮಾತಿರುವುದಿಲ್ಲ. ಭಾಷೆ ಬಾರದ ಊರಿಗೆ ನೋಡಲು ಹೋಗಬೇಕೇ ಹೊರತು ಆರೈಕೆ ಮಾಡಲು ಹೋಗಬಾರದೆಂದು ಈ ಅಂಕಣದಲ್ಲಿ ನಾನು ಬೇಸರ ಬರುವಷ್ಟು ಸಲ ಬರೆದಿದ್ದೇನೆ, ಮತ್ತೆ ಬರೆಯುತ್ತಿದ್ದೇನೆ.

ನಿಮ್ಮ ತಾಯಿಯ ಹೆದರಿಕೆಗಳಲ್ಲಿ, ಅಂದರೆ ಕಳ್ಳಕಾಕರು, ಊಟ, ಗಂಡಿನ ಕಡೆಯವರು ಏನೆಂದಾರೋ ಎಂಬುದರಲ್ಲಿ, ನನಗೆ ಹುರುಳು ಕಾಣಲಿಲ್ಲ. ಆದರೆ “ಆ ಮಕ್ಕಳಿಗೆ ಅಪ್ಪ ಅಮ್ಮ ಇಲ್ಲವೇನೆ?” ಎಂದು ಅವರು ಕೇಳಿದ್ದನ್ನು ನೀವು ಹಳೆಯ ಕಾಲದವರ ಮಾತೆಂದು ತಳ್ಳಿಹಾಕಿದ್ದೀರಿ. ಜಗತ್ತಿನ ಇಂತಹ ಆಶ್ರಮಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ. ಬಡತನ ಅವರನ್ನು ಅಲ್ಲಿಗೆ ತಂದಿರುತ್ತದೆ, ಬರುವ ಅತಿಥಿಗಳ ಹಣ ಅವರನ್ನು ಅಲ್ಲಿಯೇ ಉಳಿಸಿಕೊಳ್ಳುತ್ತದೆ. 2019ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಮಕ್ಕಳ ಹಕ್ಕುಗಳ ಕುರಿತು ಅಂಗೀಕರಿಸಿದ ನಿರ್ಣಯದಲ್ಲಿ, ಪ್ರವಾಸದ ಭಾಗವಾಗಿ ಅನಾಥಾಲಯಗಳಲ್ಲಿ ನಡೆಯುವ ಸ್ವಯಂಸೇವೆಯಿಂದಾಗುವ ಹಾನಿಯ ಪ್ರಸ್ತಾಪವೇ ಇದೆ.

ನನ್ನ ಸಿಟ್ಟು ನಿಮ್ಮ ಸಹೋದ್ಯೋಗಿಯ ಮೇಲೆ. ಕಳೆದ ವರ್ಷ ಅಲ್ಲಿಗೆ ಹೋಗಿಬಂದು, ಮಡಿಲಲ್ಲಿ ಮಗುವನ್ನು ಕೂರಿಸಿಕೊಂಡ ಫೋಟೋವನ್ನು ಇಂದಿಗೂ ವಾಟ್ಸ್‌ಆ್ಯಪ್ ಡಿ.ಪಿ. ಮಾಡಿಕೊಂಡಿರುವ ಆತ, ನೀವು ಮಗುವಿನ ಹೆಸರು ಕೇಳಿದಾಗ ಮರೆತುಹೋಯಿತೆಂದು ನಕ್ಕರಂತೆ. ನಾನು ಉಚಿತ ವಿದ್ಯಾರ್ಥಿನಿಲಯದಲ್ಲಿ ಬೆಳೆದವನು. ಹತ್ತು ದಿನ ನಮಗೆ ಇಂಗ್ಲಿಷ್ ಪದ್ಯ ಕಲಿಸಿದ ಅಣ್ಣನೊಬ್ಬ ಮುಂದಿನ ಭಾನುವಾರ ಬರುತ್ತೇನೆಂದು ಹೇಳಿ ಹೋದ. ನಾಲ್ಕು ಭಾನುವಾರ ನಾವು ಐದಾರು ಹುಡುಗರು ಬೆಳಗಿನ ಉಪ್ಪಿಟ್ಟು ಮುಗಿಸಿ ಕಾಂಪೌಂಡಿನ ಮೇಲೆ ಕೂತಿದ್ದೆವು. ಆತನ ಹೆಸರು ನನಗೆ ಇಂದಿಗೂ ನೆನಪಿದೆ.

ಆದ್ದರಿಂದ ನಿಮಗೆ ಹೇಳುವುದು ಒಂದೇ: ಇಂದು ರಾತ್ರಿಯೇ ಇಮೇಲ್ ಬರೆದು ಆಶ್ರಮದ ಕೆಲಸವನ್ನು ರದ್ದುಪಡಿಸಿ. ಮುಂಗಡ ಮರಳದಿದ್ದರೆ ಹೋಗಲಿ. ಟಿಕೆಟ್ ಹಾಗೆಯೇ ಇರಲಿ. ಕುಸ್ಕೊದಲ್ಲಿ ಸ್ಪ್ಯಾನಿಷ್ ಕಲಿಸುವ ಶಾಲೆಗಳು ಬೇಕಾದಷ್ಟಿವೆ, ಮೂರು ವಾರ ಶುಲ್ಕ ಕೊಟ್ಟು ವಿದ್ಯಾರ್ಥಿನಿಯಾಗಿ ಕುಳಿತುಕೊಳ್ಳಿ. ತಾಯಿಗೆ ಫೋನ್ ಮಾಡಿ, ಆಶ್ರಮವನ್ನು ಬಿಟ್ಟದ್ದು ಅವರ ಮುನಿಸಿಗಲ್ಲ, ಅವರು ಕೇಳಿದ ಆ ಪ್ರಶ್ನೆಗೆ ಎಂದು ತಿಳಿಸಿ. ಹಳದಿ ಜ್ವರದ ಲಸಿಕೆಯನ್ನು ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಳ್ಳಿ. ಅದರ ಪ್ರಮಾಣಪತ್ರ ಕೈಯಲ್ಲಿಲ್ಲದಿದ್ದರೆ, ಪೆರುವಿನಿಂದ ಮರಳಿದವರನ್ನು ನಮ್ಮ ವಿಮಾನ ನಿಲ್ದಾಣದವರು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು.