ಹಡಗಿನ ಡೆಕ್ಕನ್ನು ದಿನಾ ಕಲ್ಲಿನಿಂದ ಉಜ್ಜುತ್ತಿದ್ದುದು ಯಾಕೆ?

ಪ್ರಶ್ನೆ: ಮಗಳು ಬಾಸ್ಟನ್‌ನಲ್ಲಿದ್ದಾಳೆ. ಹೋದ ಸಲ ಅವಳ ಮನೆಗೆ ಹೋದಾಗ ಅಮೆರಿಕದ ಹಳೇ ಯುದ್ಧನೌಕೆ ‘ಕಾನ್‌ಸ್ಟಿಟ್ಯೂಷನ್’ ನೋಡಿ ಬಂದೆ. ಆಗಿನ ನಾವಿಕರು ನಸುಕಿನಲ್ಲೇ ಎದ್ದು, ಮಂಡಿಯೂರಿ, ಕಲ್ಲಿನಿಂದ ಡೆಕ್ ಉಜ್ಜುತ್ತಿದ್ದರಂತೆ. ತಪ್ಪು ಮಾಡಿದರೆ ಚಾಟಿ ಏಟಂತೆ. ಇಷ್ಟೆಲ್ಲ ನಿಜಕ್ಕೂ ಬೇಕಿತ್ತೇ? ಅಥವಾ ಜನ ಸುಮ್ನೆ ಕೂರಬಾರದು ಅಂತ ಮಾಡಿಸುತ್ತಿದ್ದರೇ?
– ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಉತ್ತರ: ಇದರಲ್ಲಿ ಎರಡು ಪ್ರಶ್ನೆ ಇವೆ ಮೇಡಂ. ಉಜ್ಜುವ ಕೆಲಸ ಬೇಕೇ ಬೇಕಿತ್ತು. ಚಾಟಿ ಬೇಕಿರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಮೊದಲು ಡೆಕ್, ಅಂದರೆ ಹಡಗಿನ ಮರದ ನೆಲದ ವಿಷಯ. ಉದ್ದುದ್ದ ಹಲಗೆಗಳನ್ನು ಪಕ್ಕಪಕ್ಕ ಜೋಡಿಸಿದರೆ ನಡುವೆ ಸಂದು ಉಳಿಯುತ್ತದೆ. ಹಳೇ ಹಗ್ಗ ಬಿಚ್ಚಿ, ಅದರ ನಾರಿಗೆ ಟಾರು ಸವರಿ, ಉಳಿಯಂಥ ಕಬ್ಬಿಣ ಇಟ್ಟು ಕೊಡತಿಯಿಂದ ಬಡಿದು ಆ ಸಂದಿಗೆ ತುರುಕುತ್ತಿದ್ದರು. ಮೇಲೆ ಕಾಯಿಸಿದ ರಾಳ ಹುಯ್ಯುತ್ತಿದ್ದರು. ಬಿಸಿಲಿಗೆ ಹಲಗೆ ಒಣಗಿತೆಂದರೆ ಕುಗ್ಗುತ್ತದೆ, ಸಂದು ಬಾಯಿ ಬಿಡುತ್ತದೆ. ಆಮೇಲೆ ಮಳೆಯ ನೀರು, ಅಲೆಯ ನೀರು ಎಲ್ಲ ಕೆಳಗೆ ಸೋರುತ್ತದೆ. ಕೆಳಗಿದ್ದುದು ನಾವಿಕರು ಮಲಗುವ ಜಾಗ. ಕಾನ್‌ಸ್ಟಿಟ್ಯೂಷನ್‌ನಲ್ಲಿ ಸುಮಾರು 450 ಜನ ಇರುತ್ತಿದ್ದರು. ಒತ್ತೊತ್ತಾಗಿ ಕಟ್ಟಿದ ಜೋಲಿಗಳು ಒದ್ದೆಯಾದರೆ ಅವರ ಗತಿ ಏನಾಗಬೇಕು?

ದಿನಾ ಸಮುದ್ರದ ನೀರು ಹುಯ್ದರೆ ಹಲಗೆ ಉಬ್ಬಿಕೊಂಡು ಸಂದು ಬಿಗಿಯಾಗಿರುತ್ತದೆ. ಮರಳು ಹಾಕಿ ಮರಳುಗಲ್ಲಿನಿಂದ ಉಜ್ಜಿದರೆ ಜಿಡ್ಡು, ಟಾರು, ಸಿಬಿರು ಹೋಗುತ್ತದೆ. ಬರಿಗಾಲಲ್ಲಿ ಓಡಾಡುವವರಿಗೆ ಸಿಬಿರು ಸಣ್ಣ ವಿಷಯವಲ್ಲ. ಮಂಡಿಯೂರಿ ಮಾಡುವ ಕೆಲಸ ಅಲ್ವಾ, ಅದಕ್ಕೇ ನಾವಿಕರು ದೊಡ್ಡ ಕಲ್ಲಿಗೆ ‘ಬೈಬಲ್’ ಅನ್ನುತ್ತಿದ್ದರು, ಮೂಲೆ ಉಜ್ಜುವ ಸಣ್ಣ ಕಲ್ಲಿಗೆ ‘ಪ್ರಾರ್ಥನೆ ಪುಸ್ತಕ’ ಅನ್ನುತ್ತಿದ್ದರು.

ನೀರಿನ ಕೆಳಗೆ ಬೇರೆ ಕಾಟ. ಮರ ಕೊರೆಯುವ ಹಡಗುಹುಳು ಹೊಕ್ಕರೆ ಗಟ್ಟಿ ಹಲಗೆಯೂ ಜರಡಿಯಾಗುತ್ತದೆ. ಅದನ್ನು ತಡೆಯಲು ತಳಕ್ಕೆ ತಾಮ್ರದ ತಗಡು ಹೊಡೆಯುತ್ತಿದ್ದರು. 1797ರಲ್ಲಿ ಈ ಹಡಗು ನೀರಿಗಿಳಿದಾಗ ಆ ತಗಡು ಇಂಗ್ಲೆಂಡಿನಿಂದ ಬಂದಿತ್ತು. 1803ರಲ್ಲಿ ತಗಡು ಬದಲಿಸುವಾಗ ಅಮೆರಿಕದವರೇ ಆದ ಪಾಲ್ ರಿವಿಯರ್ ಅವರ ಸ್ವಂತ ಕಾರ್ಖಾನೆಯ ತಾಮ್ರ ಸಿಕ್ಕಿತು. ಹೊಸ ದೇಶಕ್ಕೆ ಇದು ಸಣ್ಣ ಸಂಗತಿಯಲ್ಲ.

ಹಡಗನ್ನು ಅಚ್ಚುಕಟ್ಟಾಗಿ ಇಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಇನ್ನೊಂದು ಯುದ್ಧನೌಕೆ ‘ಚೆಸಪೀಕ್’ ಕಥೆ ಸಾಕು. 1807ರ ಜೂನ್ 22. ಅದು ವರ್ಜೀನಿಯಾದಿಂದ ದೂರದ ಪ್ರಯಾಣಕ್ಕೆ ಹೊರಟಿತ್ತು. ಡೆಕ್ ತುಂಬಾ ಸಾಮಾನು ರಾಶಿ ಬಿದ್ದಿತ್ತು. ಫಿರಂಗಿ ಹಚ್ಚಲು ಬೇಕಾದ ಮದ್ದಿನ ಕೊಂಬುಗಳನ್ನೂ ತುಂಬಿಸಿರಲಿಲ್ಲ. ಆಗ ಬ್ರಿಟಿಷರ ಯುದ್ಧನೌಕೆ ‘ಲೆಪರ್ಡ್’ ಬಂದು, ನಮ್ಮಿಂದ ಓಡಿಬಂದ ನಾವಿಕರು ನಿಮ್ಮಲ್ಲಿದ್ದಾರೆ, ಹುಡುಕಲು ಬಿಡಿ ಎಂದಿತು. ಚೆಸಪೀಕ್‌ನಲ್ಲಿದ್ದ ಹಿರಿಯ ಅಧಿಕಾರಿ, ಕಮೋಡೋರ್ ಜೇಮ್ಸ್ ಬ್ಯಾರನ್ ಒಪ್ಪಲಿಲ್ಲ. ಗುಂಡಿನ ಮಳೆ ಶುರುವಾಯಿತು. ತಿರುಗಿ ಹೊಡೆಯಲು ಚೆಸಪೀಕ್‌ನಿಂದ ಸಾಧ್ಯವಾದದ್ದು ಒಂದೇ ಒಂದು ಗುಂಡು. ಅದಕ್ಕೂ ಲೆಫ್ಟಿನೆಂಟ್ ವಿಲಿಯಂ ಹೆನ್ರಿ ಅಲೆನ್ ಅಡುಗೆ ಒಲೆಯಿಂದ ಉರಿಯುವ ಕೆಂಡ ತಂದು ಫಿರಂಗಿಗೆ ಇಟ್ಟರು! ಮೂವರು ಸತ್ತರು, 18 ಜನ ಗಾಯಗೊಂಡರು, ನಾಲ್ವರನ್ನು ಬ್ರಿಟಿಷರು ಎಳೆದೊಯ್ದರು. ಹಡಗನ್ನು ಕಾದಾಟಕ್ಕೆ ಸಿದ್ಧ ಮಾಡಲಿಲ್ಲ ಅನ್ನುವ ತಪ್ಪಿಗೆ ಕೋರ್ಟ್ ಮಾರ್ಷಲ್, ಅಂದರೆ ಸೇನಾ ನ್ಯಾಯಾಲಯ, ಬ್ಯಾರನ್ ಅವರನ್ನು ಐದು ವರ್ಷ ಅಮಾನತು ಮಾಡಿತು. ಆ ಕೆಂಡದ ಚಿತ್ರ ನನ್ನ ಮನಸ್ಸಿನಿಂದ ಯಾವತ್ತೂ ಹೋಗಿಲ್ಲ.

ಈಗ ಚಾಟಿ. 1775ರಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷರಾದ ಜಾನ್ ಆಡಮ್ಸ್ ಬರೆದ ಮೊದಲ ನೌಕಾ ನಿಯಮಗಳು ಆ ಕಾಲಕ್ಕೆ ಅಷ್ಟೇನೂ ಕ್ರೂರವಾಗಿರಲಿಲ್ಲ. ಕೆಟ್ಟ ಮಾತಾಡಿದ ನಾವಿಕನ ಕೊರಳಿಗೆ ಮರದ ಪಟ್ಟಿ ಹಾಕಬಹುದಿತ್ತು. ಅದೇ ಮಾತನ್ನು ಅಧಿಕಾರಿ ಆಡಿದರೆ ಒಂದು ಶಿಲ್ಲಿಂಗ್ ದಂಡ. 1800ರ ಕಾನೂನು ಇನ್ನೂ ಬಿಗಿಯಾಯಿತು. ನಿಯಮಗಳನ್ನು ಎಲ್ಲರಿಗೂ ಕಾಣುವ ಹಾಗೆ ತೂಗುಹಾಕಬೇಕು, ತಿಂಗಳಿಗೊಮ್ಮೆ ಓದಿ ಹೇಳಬೇಕು. ಕ್ಯಾಪ್ಟನ್ ತಾನಾಗಿಯೇ ಕೊಡಬಹುದಾದ ಶಿಕ್ಷೆ 12 ಏಟು, ಕೋರ್ಟ್ ಮಾರ್ಷಲ್ ಆದರೆ 100ರವರೆಗೆ.

ಹನ್ನೆರಡೇ ಅಲ್ವಾ ಅನ್ನಿಸಬಹುದು. ಆದರೆ ಆ ಚಾಟಿಗೆ ಒಂಬತ್ತು ಎಳೆ. ಹನ್ನೆರಡು ಸಲ ಬೀಸಿದರೆ ಬರಿ ಬೆನ್ನಿನ ಮೇಲೆ 108 ಗೆರೆ. ಅಂಗಿ ಕಳಚಿಸಿ, ಮರದ ಜಾಲರಿಗೆ ಕಟ್ಟಿ ಹೊಡೆಯುತ್ತಿದ್ದರು. ಹಡಗಿನವರೆಲ್ಲ ಸುತ್ತ ನಿಂತು ನೋಡಲೇಬೇಕು. ಕೆಲವು ಕ್ಯಾಪ್ಟನ್‌ಗಳು ಒಂದೇ ತಪ್ಪನ್ನು ಎರಡು ಮೂರು ತಪ್ಪು ಅಂತ ಬರೆದು ಹೆಚ್ಚು ಏಟು ಹಾಕಿಸುತ್ತಿದ್ದರು. ಜಾಸ್ತಿ ಜನ ಏಟು ತಿಂದದ್ದು ಕುಡಿತದಿಂದ. ನನಗೆ ಸಂಕಟವಾಗುವುದು ಇಲ್ಲೇ. ದಿನಕ್ಕೆ ಅರ್ಧ ಪಿಂಟ್, ಅಂದರೆ ಸುಮಾರು ಕಾಲು ಲೀಟರ್ ಮದ್ಯವನ್ನು ರೇಷನ್ನಿನಲ್ಲಿ ಕೊಡುತ್ತಿದ್ದುದು ನೌಕಾಪಡೆಯೇ. ತಾನೇ ಕುಡಿಸಿ ತಾನೇ ಹೊಡೆಯುವುದನ್ನು ಶಿಸ್ತು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಆಗಲೂ ಇದನ್ನು ವಿರೋಧಿಸಿದವರಿದ್ದರು. ಯೂರಾಯ ಲೆವಿ ಅನ್ನುವ ಕ್ಯಾಪ್ಟನ್, ಅಧಿಕಾರಿಯನ್ನು ಅಣಕಿಸಿದ ಹುಡುಗನಿಗೆ ಚಾಟಿ ಬದಲು ಚೂರು ಟಾರು ಬಳಿದು ಗಿಳಿ ಗರಿ ಅಂಟಿಸಿ ಬಿಟ್ಟರು. ಅದಕ್ಕೆ ಅವರನ್ನೇ ವಜಾ ಮಾಡಲು ಕೋರ್ಟ್ ಮಾರ್ಷಲ್ ಹೇಳಿತು. ಅಮೆರಿಕದ ಅಧ್ಯಕ್ಷ ಟೈಲರ್ ಆ ಶಿಕ್ಷೆಯನ್ನು ತಗ್ಗಿಸಿದ್ದರಿಂದ ಉಳಿದುಕೊಂಡರು. ಕೊನೆಗೆ 1850ರ ಸೆಪ್ಟೆಂಬರ್ 28ರಂದು ಅಮೆರಿಕದ ಸಂಸತ್ತು ಚಾಟಿ ಏಟನ್ನು ನಿಲ್ಲಿಸಿತು. ಮದ್ಯದ ರೇಷನ್ 1862ರವರೆಗೂ ಇತ್ತು. ಚಾಟಿ ಹೋದ ಮೇಲೂ ಹಡಗುಗಳು ನಡೆದವು, ಡೆಕ್ಕುಗಳನ್ನು ಮೊದಲಿನಂತೆಯೇ ಉಜ್ಜಿದರು.

ಮತ್ತೆ ಬಾಸ್ಟನ್‌ಗೆ ಹೋದರೆ ಹಡಗಿನ ಹತ್ತಿರದ ಒಂದನೇ ನಂಬರಿನ ಡ್ರೈ ಡಾಕ್ ನೋಡಿ. ನೀರು ಖಾಲಿ ಮಾಡಿ ಹಡಗಿನ ತಳ ರಿಪೇರಿ ಮಾಡುವ ಕಲ್ಲಿನ ತೊಟ್ಟಿ ಅದು. 1833ರಲ್ಲಿ ಅದರೊಳಗೆ ಮೊದಲು ಹೋದ ಹಡಗು ಇದೇ ಕಾನ್‌ಸ್ಟಿಟ್ಯೂಷನ್. 2015ರಿಂದ 2017ರವರೆಗೆ ಮತ್ತೆ ಅಲ್ಲೇ ನಿಲ್ಲಿಸಿ ತಳಕ್ಕೆ ಹೊಸ ತಾಮ್ರದ ತಗಡು ಹೊಡೆದರು.