ಟಾನಿಕ್ ಹೊಡೆದ ರಾಗಿ ಸರಿ, ಹೊಡೆಯದ ಪಟ್ಟಿ ಎಲ್ಲಿ?

ತಮ್ಮಾ, ನಿನ್ನ ಪೋಸ್ಟ್ ಎರಡು ಸಲ ಓದಿದೆ. ಮೂರು ಎಕರೆ ರಾಗಿಗೂ ಬೆಳೆ ಟಾನಿಕ್ ಅನ್ನೋ ಸಿಂಪಡಿಸೋ ಔಷಧಿ ಎರಡು ಸಲ ಹೊಡೆದೆ, ಹೋದ ವರ್ಷ ಎಕರೆಗೆ 11 ಕ್ವಿಂಟಲ್ ಇದ್ದದ್ದು ಈ ಸಲ 15 ಆಯ್ತು, ಎಲ್ಲರೂ ತಗೊಳ್ಳಿ ಅಂತ ಬರೆದಿದೀಯ. ಕೆಳಗೆ ನಲವತ್ತು ಜನ "ಯಾವ ಅಂಗಡಿ, ನಂಬರ್ ಕಳ್ಸಿ" ಅಂತ ಸಾಲಾಗಿ ನಿಂತಿದಾರೆ. ನಾನು ಕೇಳೋದು ಬೇರೆ. ಹೊಡೆಯದೆ ಬಿಟ್ಟ ಜಾಗದಲ್ಲಿ ಎಷ್ಟು ಬಂತು? ಬಿಟ್ಟೇ ಇಲ್ಲ ಅಲ್ವಾ.

ನಿನ್ನ ಪೋಸ್ಟಿನಲ್ಲೇ ನೋಡು. ಹಳೇ ಬೀಜ ಬಿಟ್ಟು ಈ ಸಲ ಎಂಎಲ್-365 ಅನ್ನೋ ರಾಗಿ ತಳಿ ಬಿತ್ತಿದೆ ಅಂತಿದೆ. ತೆನೆ ಹೊರಡೋ ಹೊತ್ತಿಗೆ ಎರಡು ಹದ ಮಳೆ ಆಯ್ತು ಅಂತಲೂ ಇದೆ. ಇಷ್ಟಾದ ಮೇಲೆ ಆ ನಾಲ್ಕು ಕ್ವಿಂಟಲ್ ಬಾಟಲಿಯಿಂದಲೇ ಬಂತು ಅಂತ ನಿನಗೆ ಹೇಳಿದ್ಯಾರು? ಬೀಜ ಒಂದೇ ಸಾಕು ಹೊಲದ ಚಿತ್ರ ಬದಲಾಯಿಸೋಕೆ. ಮಂಡ್ಯದ ವಿ.ಸಿ. ಫಾರಂ ಅನ್ನೋ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿ ತೆಗೆದಾಗ ಯಾವ ಟಾನಿಕ್ ಇತ್ತು?

ಬೈತಿದೀನಿ ಅಂದ್ಕೋಬೇಡ, ಇದೇ ಗುಂಡಿಗೆ ನಾನೂ ಬಿದ್ದಿದೀನಿ. ಎಂಟು ವರ್ಷದ ಹಿಂದೆ ಒಂದು ಗುಳಿಗೆ ಬಂದಿತ್ತು, ಕಪ್ಪಗೆ ಸಾಸಿವೆ ಥರ. ಹೊಲಕ್ಕೆಲ್ಲ ಎರಚಿದೆ, ಬೆಳೆ ಚೆನ್ನಾಗಿ ಬಂತು, ಅರಳಿಕಟ್ಟೆ ಮೇಲೆ ಕೂತು ಊರಿಗೆಲ್ಲ ಹೇಳಿದೆ. ನನ್ನ ಮಾತು ಕೇಳಿ ಬಾಮೈದ ಆರು ಚೀಲ ತಂದ. ಮರುವರ್ಷ ಕೈಯಲ್ಲಿ ದುಡ್ಡಿಲ್ಲದೆ ಅರ್ಧ ಹೊಲಕ್ಕೆ ಮಾತ್ರ ಹಾಕಿದೆ. ಒಕ್ಕಣೆ ಮಾಡಿ ಚೀಲ ಎಣಿಸಿದರೆ ಎರಡೂ ಕಡೆ ಒಂದೇ ಲೆಕ್ಕ. ಬಾಮೈದ ಈಗಲೂ ಹಬ್ಬಕ್ಕೆ ಬಂದರೆ "ಈ ವರ್ಷ ಯಾವ ಗುಳಿಗೆ ಭಾವ?" ಅಂತ ಕೇಳೋದು ಬಿಟ್ಟಿಲ್ಲ.

ಅಲ್ಲಿಗೆ ಬುದ್ಧಿ ಬಂತು ಅಂದ್ಕೊಂಡೆ, ಪೂರ್ತಿ ಬಂದಿರಲಿಲ್ಲ. ಮುಂದಿನ ವರ್ಷ ಬೇರೆ ಔಷಧಿ, ಈ ಸಲ ಮೂಲೆಯಲ್ಲಿ ಐದು ಗುಂಟೆ ಹೊಡೆಯದೆ ಬಿಟ್ಟೆ. ಕೊಯ್ದು ನೋಡಿದರೆ ಬಿಟ್ಟ ಮೂಲೆಯದ್ದೇ ಜಾಸ್ತಿ! ಔಷಧಿ ಬೆಳೆ ಕೆಡಿಸ್ತು ಅಂತ ಅಂಗಡಿಯವನ ಹತ್ತಿರ ಜಗಳಕ್ಕೆ ಹೊರಟಿದ್ದೆ. ಅಮ್ಮ ಬಾಗಿಲಲ್ಲೇ ತಡೆದು, "ಅಲ್ಲೇ ಅಲ್ವೇನೋ ನಿಮ್ಮಜ್ಜನ ಕಾಲದಲ್ಲಿ ತಿಪ್ಪೆ ಇದ್ದದ್ದು" ಅಂದರು. ತಿಪ್ಪೆ ಎತ್ತಿ ಮೂವತ್ತು ವರ್ಷ ಆಗಿತ್ತು, ಆದರೂ ಪೈರು ಅಲ್ಲಿ ಕಡುಹಸಿರು.

ಅದಕ್ಕೇ ಒಂದು ಮೂಲೆ ಬಿಟ್ಟರೆ ಸಾಲದು. ನಾನು ಈಗ ಮಾಡೋದು ಆರು ಪಟ್ಟಿ. ಇಳಿಜಾರಿನ ಮೇಲಿಂದ ಕೆಳಗಿನವರೆಗೆ ಉದ್ದಕ್ಕೆ, ಅಕ್ಕಪಕ್ಕ ಎರಡೆರಡರಂತೆ ಮೂರು ಜೋಡಿ. ಅಡ್ಡಕ್ಕೆ ಮಾಡಿದರೆ ಕೆಳಗಿನ ಪಟ್ಟಿಗೆ ಮಣ್ಣೂ ನೀರೂ ಸುಮ್ಮನೆ ಸಿಗ್ತವೆ. ಪ್ರತಿ ಜೋಡಿಯಲ್ಲಿ ಯಾವುದಕ್ಕೆ ಹೊಡೆಯೋದು ಅಂತ ನಾಣ್ಯ ಚಿಮ್ಮಿ ತೀರ್ಮಾನ ಮಾಡು. ನಗಬೇಡ, ನಾವೇ ಆರಿಸೋಕೆ ಹೋದರೆ ಕೈ ತಾನಾಗೇ ಒಳ್ಳೇ ಪಟ್ಟಿ ಕಡೆ ಹೋಗುತ್ತೆ. ಹೊಡೆಯದ ಪಟ್ಟಿಗೆ ಬರೀ ನೀರು ಹೊಡಿ. ಗಾಳಿಗೆ ಔಷಧಿ ಹಾರುತ್ತೆ, ಹಾಗಾಗಿ ಪಟ್ಟಿ ಅಗಲ ಇರಲಿ, ಅಂಚಿನ ಸಾಲು ಕೊಯ್ದು ಲೆಕ್ಕಕ್ಕೆ ಸೇರಿಸಬೇಡ. ಬೀಜ, ಬಿತ್ತಿದ ದಿನ, ಗೊಬ್ಬರ, ಕುಂಟೆ ಹೊಡೆದದ್ದು ಎಲ್ಲಾ ಆರಕ್ಕೂ ಒಂದೇ.

ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1843ರಲ್ಲಿ ಗೋಧಿ ಬಿತ್ತಿ, ಒಂದು ಪಟ್ಟಿಗೆ ಗೊಬ್ಬರವನ್ನೇ ಹಾಕದೆ ಇವತ್ತಿಗೂ ಹಾಗೇ ಇಟ್ಕೊಂಡು ಬಂದಿದಾರೆ. ನಾವು ಒಂದು ವರ್ಷ ಐದು ಗುಂಟೆ ಬಿಡೋಕೆ ಕೈ ನಡುಗಿಸ್ತೀವಿ.

ಇನ್ನು ತೂಕ. ಎಲ್ಲರೂ ಕೆಡೋದು ಇಲ್ಲೇ. ಪ್ರತಿ ಪಟ್ಟಿಯ ನಡುವೆ 5 ಮೀಟರ್‌ಗೆ 5 ಮೀಟರ್ ಹಗ್ಗ ಕಟ್ಟಿ, ಮೂಲೆಯಿಂದ ಮೂಲೆಗೆ 7 ಮೀಟರ್ 7 ಸೆಂಟಿಮೀಟರ್ ಬಂದರೆ ಚೌಕ ಸರಿ. ಅಲ್ಲಿ ಬಂದ ಕೆಜಿಯನ್ನ 162ರಿಂದ ಗುಣಿಸಿದರೆ ಎಕರೆ ಲೆಕ್ಕ. ನಿನ್ನ 15 ಕ್ವಿಂಟಲ್ ಅಂದರೆ ಆ ಚೌಕದಲ್ಲಿ ಸುಮಾರು ಒಂಬತ್ತೂಕಾಲು ಕೆಜಿ. ಈಗ ದುಡ್ಡು ನೋಡು. ಎರಡು ಸಲ ಹೊಡೆಯೋಕೆ ಬಾಟಲಿ, ಕೂಲಿ ಸೇರಿ ಎಕರೆಗೆ 2,000 ಅಂತ ಇಟ್ಕೋ. 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886. ಹಾಕಿದ ದುಡ್ಡು ವಾಪಸ್ ಬರೋಕೇ ಎಕರೆಗೆ 41 ಕೆಜಿ ಜಾಸ್ತಿ ಬೇಕು. ಚೌಕದಲ್ಲಿ ಅದು ಬರೀ ಕಾಲು ಕೆಜಿ! ಒಂದು ಪಟ್ಟಿಯ ರಾಗಿ ಇನ್ನೊಂದಕ್ಕಿಂತ ನೂರಕ್ಕೆ ಮೂರು ಪಾಲು ಹೆಚ್ಚು ಹಸಿ ಇದ್ದರೆ ಆ ಕಾಲು ಕೆಜಿ ಬರೀ ನೀರು. ಆದ್ದರಿಂದ ಆರೂ ಚೀಲ ಒಂದೇ ದಿನ ಕೊಯ್ದು, ಒಂದೇ ಟಾರ್ಪಾಲಿನ ಮೇಲೆ ಬೇರೆ ಬೇರೆ ರಾಶಿ ಹಾಕಿ, ಅಷ್ಟೇ ದಿನ ಒಣಗಿಸಿ, ಒಂದೇ ತಕ್ಕಡಿಯಲ್ಲಿ ತೂಗು. ಚೀಲದ ಒಳಗೂ ಒಂದು ಚೀಟಿ ಹಾಕು. ಹೊರಗೆ ಬರೆದದ್ದು ಇಬ್ಬನಿಗೆ ಅಳಿಸಿಹೋಗಿ ನನ್ನ ಒಂದು ವರ್ಷದ ಲೆಕ್ಕವೇ ಹಾಳಾಗಿದೆ.

ಮೂರು ಜೋಡಿಯಲ್ಲೂ ಹೊಡೆದದ್ದೇ ಮುಂದಿದ್ದರೆ ಇನ್ನೊಂದು ವರ್ಷ ನೋಡು. ಎರಡರಲ್ಲಿ ಮುಂದೆ, ಒಂದರಲ್ಲಿ ಹಿಂದೆ ಅಂದರೆ ನನ್ನ ಲೆಕ್ಕದಲ್ಲಿ ಏನೂ ಇಲ್ಲ. ಗುಳಿ ರಾಗಿ, ಅಂದರೆ ಗುಳಿ ತೋಡಿ ದೂರ ದೂರ ನಾಟಿ ಮಾಡೋರಿಗೆ ಗಿಡದಿಂದ ಗಿಡಕ್ಕೆ ವ್ಯತ್ಯಾಸ ಜಾಸ್ತಿ, ಚೌಕ ಇನ್ನೂ ದೊಡ್ಡದು ಬೇಕಾಗಬಹುದು.

ಟಾನಿಕ್‌ಗೆ ಹಾಕೋ ದುಡ್ಡಲ್ಲಿ ಮೊದಲು ಮಣ್ಣು ಪರೀಕ್ಷೆ ಮಾಡಿಸು. 2009ರಲ್ಲಿ ರಾಜ್ಯ ಸರ್ಕಾರ ಇಕ್ರಿಸ್ಯಾಟ್ ಅನ್ನೋ ಕೃಷಿ ಸಂಶೋಧನಾ ಸಂಸ್ಥೆ ಜೊತೆ ಸೇರಿ ಭೂಚೇತನ ಯೋಜನೆ ಶುರು ಮಾಡಿದಾಗ ನಮ್ಮ ಖುಷ್ಕಿ ಹೊಲಗಳಲ್ಲಿ ಎದ್ದು ಕಂಡದ್ದು ಸತು, ಬೋರಾನ್, ಗಂಧಕದ ಕೊರತೆ. ಅವರೂ ಹೊಸ ಪದ್ಧತಿಯ ಪಕ್ಕದಲ್ಲೇ ರೈತನ ಮಾಮೂಲಿ ಪದ್ಧತಿ ಇಟ್ಟು ಇಳುವರಿ ತೂಗಿದ್ದು. ಜಿಂಕ್, ಅಂದರೆ ಸತುವಿನ ಸಲ್ಫೇಟ್ ತರೋವಾಗ ಚೀಲದ ಮೇಲೆ ಓದು: ಒಂದರಲ್ಲಿ ಸತು ಶೇ. 21, ಇನ್ನೊಂದರಲ್ಲಿ ಶೇ. 33. ರೇಟು ಚೀಲಕ್ಕೆ ನೋಡಬೇಡ, ಒಳಗಿರೋ ಸತುವಿಗೆ ನೋಡು. ಕಂಪನಿ ಹೆಸರಿಗೆ ನಾನು ಐದು ರೂಪಾಯಿನೂ ಜಾಸ್ತಿ ಕೊಡಲ್ಲ. ಜಿಂಕ್ ಅಂತ ಮೆಗ್ನೀಶಿಯಂ ಸಲ್ಫೇಟ್ ಕೊಡೋರೂ ಇದಾರೆ, ನೋಡೋಕೆ ಎರಡೂ ಒಂದೇ ಥರ. ಒಂದು ಲೋಟದಲ್ಲಿ ಡಿಎಪಿ ಗೊಬ್ಬರ ಕರಗಿಸಿ ತಿಳಿ ತಗೊಂಡು ಅದಕ್ಕೆ ಜಿಂಕ್ ನೀರು ಹಾಕು. ಅಸಲಿಯಾದರೆ ಮೊಸರು ಒಡೆದ ಹಾಗೆ ಗಟ್ಟಿ ಗಸಿ ಕಟ್ಟುತ್ತೆ, ಮೆಗ್ನೀಶಿಯಂ ಆದರೆ ಹಾಗೆ ಕಟ್ಟಲ್ಲ. ಡಿಎಪಿ, ಜಿಂಕ್ ಒಟ್ಟಿಗೆ ಕಲಸಿ ಎರಚೋರು ಆ ಲೋಟವನ್ನ ಒಂದು ಸಲ ನೋಡಲಿ.

ನಿನ್ನ ಪೋಸ್ಟಿನ ಕೆಳಗೆ ಇನ್ನೊಬ್ಬರು ಹಸುವಿನ ಖನಿಜ ಮಿಶ್ರಣದಿಂದ ಹಾಲು ಹೆಚ್ಚುತ್ತಾ ಅಂತ ಕೇಳಿದ್ರು. ಒಂದೇ ಹಸು ಇದ್ದರೆ ಪಟ್ಟಿ ಮಾಡೋಕಾಗಲ್ಲ. ಮೂರು ವಾರ ಕೊಟ್ಟು, ಮೂರು ವಾರ ಬಿಟ್ಟು, ಮತ್ತೆ ಕೊಟ್ಟು ಡೇರಿ ಚೀಟಿ ಜೋಡಿಸಿ ನೋಡಿ. ಕರು ದೊಡ್ಡದಾದ ಹಾಗೆ ಹಾಲು ಹೇಗೂ ಇಳಿಯುತ್ತೆ, ಅದನ್ನ ಮಿಶ್ರಣದ ತಲೆಗೆ ಕಟ್ಟಬೇಡಿ.

ತಮ್ಮಾ, ಬಾಟಲಿ ಇನ್ನೂ ಉಳಿದಿದ್ದರೆ, ಅವಧಿ ಮುಗಿಯದಿದ್ದರೆ ಮುಂದಿನ ಮುಂಗಾರಿಗೆ ಆರು ಪಟ್ಟಿ ಹಾಕು. ಆ ನಲವತ್ತು ಜನಕ್ಕೆ ಅಂಗಡಿ ನಂಬರ್ ಬದಲು ಆರು ಚೀಟಿಯ ಫೋಟೋ ಕಳ್ಸು.