ಸಾರ್ ಕೂರಿಸಿಕೊಂಡ ಆ ಸಂಜೆ

ಪ್ರಶ್ನೆ: ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿಯ ಡೈರಿಯಲ್ಲಿ ಒಂಬತ್ತು ವರ್ಷ ಹಾಲು ಪರೀಕ್ಷೆ ಮಾಡುತ್ತಿದ್ದೆ. ನಮ್ಮ ಕಾರ್ಯದರ್ಶಿ ಸಾರ್ ನಿವೃತ್ತರಾದ ಮೇಲೆ ಈಗ ನಾನೇ ಕಾರ್ಯದರ್ಶಿ. ಸಾರ್ ಒಂದು ದಿನವೂ ನಮ್ಮನ್ನು ಯಾರ ಮುಂದೆಯೂ ಬಿಟ್ಟುಕೊಟ್ಟವರಲ್ಲ. ಒಮ್ಮೆ ನಾನು ಫ್ಯಾಟ್ ತಪ್ಪಾಗಿ ಬರೆದು ಗಲಾಟೆಯಾದಾಗ ‘ತಪ್ಪು ನನ್ನದು’ ಅಂದುಬಿಟ್ಟರು. ಆ ಸಂಜೆ ನನ್ನನ್ನು ಕೂರಿಸಿಕೊಂಡು ಮತ್ತೆ ಟೆಸ್ಟ್ ಮಾಡಿಸಿದರು, ಅಷ್ಟೇ. ನಾನೂ ಅವರ ಹಾಗೇ ಇರಬೇಕು ಅಂತ ಆಸೆ. ಆದರೆ ನಮ್ಮ ಸಹಾಯಕ ಹುಡುಗ ಕ್ಯಾನ್ ಸರಿಯಾಗಿ ತೊಳೆಯದೆ ಎರಡು ಸಲ ಹಾಲು ಒಡೆದು ವಾಪಸ್ ಬಂತು. ಅವನು ವರಸೆಯಲ್ಲಿ ನನಗೆ ತಮ್ಮ. ಎರಡೂ ಸಲ ನನ್ನ ತಪ್ಪು ಅಂದೆ. ಎರಡನೇ ಸಲ ಕೈಯಿಂದ ದುಡ್ಡೂ ಕಟ್ಟಿದೆ. ಹೋದ ವಾರ ಮೂರನೇ ಸಲ ಆಯಿತು. ‘ಹೆಂಗಸಿನ ಕೈಲಿ ಡೈರಿ ನಡೆಯಲ್ಲ’ ಅಂತ ಕಮಿಟಿಯವರೊಬ್ಬರು ಅಂದರು. ಅವನ ಹೆಸರು ಹೇಳಿಬಿಡಲಾ? ಹೇಳಿದರೆ ಸಾರ್ ಕಲಿಸಿದ್ದಕ್ಕೆ ದ್ರೋಹ ಅಲ್ವಾ?

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೂರು ಸಲವೂ ‘ಅಷ್ಟೇ’ ಅನ್ನುವ ಆ ಮಾತಿನ ಹತ್ತಿರ ನಿಂತೆ. ಆ ಸಂಜೆಯನ್ನು ಅಷ್ಟು ಬೇಗ ಯಾಕೆ ದಾಟಿಬಿಟ್ಟಿರಿ?

ಸ್ವಲ್ಪ ನೆನಪು ಮಾಡಿಕೊಳ್ಳಿ. ಕಲಕದೆ ಮೇಲಿಂದ ತೆಗೆದ ಹಾಲಿನಲ್ಲಿ ಕೆನೆ ಜಾಸ್ತಿ ಬಂದು ಫ್ಯಾಟ್ ಏರುತ್ತದೆ ಅನ್ನುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅದು ಕೈಗೆ ಹತ್ತಿದ್ದು ಅಂಥ ಸಂಜೆಗಳಲ್ಲೇ ಇರಬೇಕು. ಬೆಳಿಗ್ಗೆ ರೈತರ ಮುಂದೆ ನಿಮ್ಮನ್ನು ಕಾಪಾಡಿದವರು ಸಂಜೆ ಬಾಗಿಲು ಹಾಕಿಕೊಂಡು ನಿಮ್ಮನ್ನು ಸುಮ್ನೆ ಮನೆಗೆ ಕಳಿಸಲಿಲ್ಲ. ಅವರು ಉಳಿದವರನ್ನೂ ಹೀಗೇ ಕೂರಿಸಿಕೊಂಡಿರುತ್ತಾರೆ. ಅದು ನಿಮ್ಮ ಕಣ್ಣಿಗೆ ಬಿದ್ದಿಲ್ಲ, ಯಾಕಂದರೆ ಯಾರ ಕಣ್ಣಿಗೂ ಬೀಳದ ಹಾಗೆ ಮಾಡುತ್ತಿದ್ದರು. ನೀವು ಅವರಿಂದ ಬೆಳಗಿನ ಪಾಠವನ್ನು ಮಾತ್ರ ಎತ್ತಿಕೊಂಡಿದ್ದೀರಿ.

ಸತೀಶ್ ಧವನ್ ಅವರ ವಿಷಯದಲ್ಲೂ ಹೀಗೇ ಆಗಿದೆ. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹಾರಿದ ಎಸ್‌ಎಲ್‌ವಿ-3 ರಾಕೆಟ್ ಸಮುದ್ರಕ್ಕೆ ಬಿತ್ತು. ಯೋಜನೆಯ ನಿರ್ದೇಶಕರು ಅಬ್ದುಲ್ ಕಲಾಂ. ಆದರೆ ಪತ್ರಕರ್ತರ ಮುಂದೆ ಹೊಣೆ ಹೊತ್ತದ್ದು ಇಸ್ರೊ ಅಧ್ಯಕ್ಷರಾಗಿದ್ದ ಧವನ್. 1980ರ ಜುಲೈ 18ರಂದು ಎಸ್‌ಎಲ್‌ವಿ-3 ಗೆದ್ದಾಗ ಮಾತಾಡಲು ಕಲಾಂ ಅವರನ್ನೇ ಕಳಿಸಿದರು. ಕಲಾಂ ಇದನ್ನು ಎಷ್ಟೋ ಸಭೆಗಳಲ್ಲಿ ಹೇಳಿದ್ದಾರೆ, ನನಗೂ ಬಹಳ ಇಷ್ಟ. ಆದರೆ ಆ ಎರಡು ದಿನಗಳ ನಡುವೆ ಹನ್ನೊಂದು ತಿಂಗಳಿವೆ. ಆ ತಿಂಗಳುಗಳಲ್ಲಿ ರಾಕೆಟ್ ಯಾಕೆ ಬಿತ್ತು ಅಂತ ಒಂದೊಂದೇ ಬಿಚ್ಚಿ ನೋಡಿದರು. ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಆಸಿಡ್ ಸೋರಿಹೋಗಿತ್ತು ಅಂತ ಕಂಡುಹಿಡಿದರು. ಧವನ್ ಹೊರಗೆ ಹೊಣೆ ಹೊತ್ತು ಒಳಗೆ ಸುಮ್ಮನಿದ್ದುಬಿಟ್ಟಿದ್ದರೆ ಮುಂದಿನ ರಾಕೆಟ್ಟೂ ಸಮುದ್ರಕ್ಕೇ ಬೀಳುತ್ತಿತ್ತು.

ಈಗ ನಿಮ್ಮ ತಮ್ಮನ ವಿಷಯ. ನಾನೂ ಹಸು ಕಟ್ಟಿದ ಮನೆಯಲ್ಲಿ ಬೆಳೆದವಳು, ಕ್ಯಾನ್ ತೊಳೆದಿದ್ದೇನೆ. ಹೊರಗೆ ಹೊಳೆಯುವ ಕ್ಯಾನಿನ ಮುಚ್ಚಳದ ರಬ್ಬರ್ ಬಿಚ್ಚಿದರೆ ಹಳೇ ಹಾಲು ಹುಳಿ ನಾತ ಹೊಡೆಯುತ್ತಿರುತ್ತದೆ. ಅಷ್ಟು ಸಾಕು, ಬೇಸಿಗೆಯಲ್ಲಿ ಲಾರಿ ಒಂದು ಗಂಟೆ ತಡವಾದರೆ ಹಾಲು ಕೆಡುತ್ತದೆ. ನಾಳೆ ಬೆಳಗಿನ ಹಾಲು ಲಾರಿ ಹತ್ತಿದ ಮೇಲೆ ಅವನನ್ನು ನಿಲ್ಲಿಸಿಕೊಳ್ಳಿ. ಬೇರೆ ಯಾರೂ ಇರಬಾರದು. ಬೈಯಬೇಡಿ. ನಿಮ್ಮ ಕೈಯಾರೆ ಆ ರಬ್ಬರ್ ಬಿಚ್ಚಿ ಅವನ ಮೂಗಿನ ಹತ್ತಿರ ಹಿಡಿಯಿರಿ. ಆಮೇಲೆ ಕೇಳಿ: ತೊಳೆಯಲು ಎಷ್ಟು ನೀರು ಸಿಗುತ್ತಿದೆ? ಬಿಸಿನೀರು ಇದೆಯಾ? ಸೋಡಾ ಇದೆಯಾ? ನಮ್ಮ ಕಡೆ ಸಾವಿರ ಅಡಿ ಕೊರೆಸಿದರೂ ನೀರು ಸಿಗದ ಬೋರ್‌ವೆಲ್ ಎಷ್ಟಿವೆ ಅಂತ ನಿಮಗೆ ಹೇಳಬೇಕಾಗಿಲ್ಲ. ಒಂದು ಬಕೆಟ್ ನೀರಲ್ಲಿ ಹತ್ತು ಕ್ಯಾನ್ ತೊಳೆಯುತ್ತಿದ್ದರೆ ತಪ್ಪು ಅವನೊಬ್ಬನದೇ ಅಲ್ಲ. ಆಗ ಕಮಿಟಿ ಮುಂದೆ ನೀವು ಒಯ್ಯಬೇಕಾದ್ದು ಅವನ ಹೆಸರನ್ನಲ್ಲ, ನೀರಿನ ಸಮಸ್ಯೆಯನ್ನು.

ನೀರೆಲ್ಲ ಸರಿಯಾಗಿದ್ದೂ ಅವನು ಸೋಮಾರಿತನ ಮಾಡುತ್ತಿದ್ದರೆ, ಅದನ್ನೂ ಅಲ್ಲೇ ಹೇಳಿ. ‘ಎರಡು ಸಲ ನಿನ್ನ ಪರವಾಗಿ ನಿಂತೆ. ಇನ್ನೊಂದು ಸಲ ಆದರೆ ಕಮಿಟಿಗೆ ಬರೆದುಕೊಡುತ್ತೇನೆ’ ಅಂತ ಮೊದಲೇ ತಿಳಿಸಿ. ಹಾಗೆ ಮುಂಚೆ ಹೇಳಿ ಬರೆದರೆ ಅದು ದ್ರೋಹವಲ್ಲ. ಚಿಕ್ಕಪ್ಪ, ಚಿಕ್ಕಮ್ಮ ಮುನಿಸಿಕೊಳ್ಳಬಹುದು. ಮುನಿಸಿಕೊಳ್ಳಲಿ. ಆ ಕ್ಯಾನಿನಲ್ಲಿ ಒಂದೇ ಹಸು ನಂಬಿಕೊಂಡ ಮನೆಗಳ ಹಾಲೂ ಇರುತ್ತದೆ.

ಇನ್ನು ಮುಂದೆ ಕೈಯಿಂದ ಒಂದು ರೂಪಾಯಿಯನ್ನೂ ಕಟ್ಟಬೇಡಿ. ನೀವು ಕಟ್ಟಿದ ದಿನವೇ ಕ್ಯಾನ್ ಯಾಕೆ ಕೆಟ್ಟಿತು ಅಂತ ಕೇಳುವುದು ನಿಂತುಹೋಯಿತು. ‘ಹೆಂಗಸಿನ ಕೈಲಿ’ ಅಂದವರ ಮಾತಿಗೆ ಈಗ ಉತ್ತರ ಕೊಡಲು ಹೋಗಬೇಡಿ. ಅದು ತಪ್ಪು ಮಾತು, ಅನ್ಯಾಯದ ಮಾತು. ಆದರೆ ನಿಮ್ಮ ಈ ವಾರದ ಶಕ್ತಿ ಕ್ಯಾನಿಗೆ ಬೇಕು.

ಬಿಡುವು ಮಾಡಿಕೊಂಡು ಸಾರ್ ಮನೆಗೂ ಒಮ್ಮೆ ಹೋಗಿ ಬನ್ನಿ. ನಿಮ್ಮನ್ನು ಅವರು ಹೇಗೆ ಕಾಪಾಡಿದರು ಅಂತ ನಿಮಗೆ ಗೊತ್ತೇ ಇದೆ. ಬೇರೆಯವರನ್ನು ಕೂರಿಸಿಕೊಂಡ ಸಂಜೆಗಳಲ್ಲಿ ಏನು ಮಾತಾಡುತ್ತಿದ್ದರು ಅಂತ ಕೇಳಿ. ಆಮೇಲೆ ನನಗೂ ಒಂದು ಪತ್ರ ಬರೆಯಿರಿ.